ಕರಾವಳಿಯ ಕಡಲು: ಹಲವು ಶಾಸ್ತ್ರಗಳ ಸಂಗಮ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಸಮುದ್ರಕ್ಕೆ ಹಲವು ಹೆಸರುಗಳನ್ನು ಪಟ್ಟಿ ಮಾಡಿದ್ದಾನೆ. ನದಿಗಳ ಒಡೆಯನಾದುದರಿಂದ ಅದು ಸರಿತ್ಪತಿ. ರತ್ನಗಳ ಗಣಿಯಾದುದರಿಂದ ರತ್ನಾಕರ. ಜಲಚರಗಳ ಒಡೆಯನಾದುದರಿಂದ ಯಾದಃಪತಿ. ಒಂದೊಂದು ಹೆಸರೂ ಕಡಲಿನ ಒಂದೊಂದು ಮುಖವನ್ನು ಮಾತ್ರ ತೋರುತ್ತದೆ. ನದಿಯನ್ನು ನೋಡಿದವನು ಒಂದು ಹೆಸರಿಟ್ಟನು, ಮೀನನ್ನು ನೋಡಿದವನು ಇನ್ನೊಂದು ಹೆಸರಿಟ್ಟನು. ಎಲ್ಲವನ್ನೂ ಕೂಡಿಸಿದಾಗ ಕಡಲಿನ ಪೂರ್ಣ ಚಿತ್ರ ಮೂಡಿತು. ಆಧುನಿಕ ವಿಜ್ಞಾನವೂ ಕರಾವಳಿಯ ಕಡಲಿನ ವಿಷಯದಲ್ಲಿ ಇದೇ ಹಾದಿಯನ್ನು ತುಳಿದಿರುವುದು ಗಮನಾರ್ಹವಾಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನ ಇವು ಬಹುಕಾಲ ಬೇರೆಬೇರೆಯಾಗಿ ಕಡಲನ್ನು ಪರೀಕ್ಷಿಸಿ, ಕೊನೆಗೆ ಒಂದನ್ನು ಬಿಟ್ಟು ಇನ್ನೊಂದು ಮುಂದೆ ಹೋಗಲಾರದೆಂಬುದನ್ನು ಮನಗಂಡಿವೆ.

ಸಂಸ್ಕೃತದಲ್ಲಿ 'ವೇಲಾ' ಎಂಬ ಇನ್ನೊಂದು ಶಬ್ದವುಂಟು. ಅದಕ್ಕೆ ಕಾಲವೆಂಬ ಅರ್ಥವಿದೆ, ಮೇರೆಯೆಂಬ ಅರ್ಥವಿದೆ, ಕಡಲ ನೀರಿನ ಏರಿಳಿತವೆಂಬ ಅರ್ಥವೂ ಇದೆ. ಕರಾವಳಿಯ ಕಡಲಿನ ಸ್ವರೂಪವನ್ನು ಇದಕ್ಕಿಂತ ಸಂಗ್ರಹವಾಗಿ ಹೇಳುವುದು ಕಷ್ಟ. ಅದು ನೆಲಕ್ಕೂ ಆಳ ಸಮುದ್ರಕ್ಕೂ ನಡುವಣ ಮೇರೆ, ಋತುಕಾಲಗಳಿಗೆ ಅಧೀನವಾದುದು, ಒಂದು ಗಳಿಗೆಯೂ ನಿಶ್ಚಲವಾಗಿ ನಿಲ್ಲದುದು.

ಖಂಡಾವರಣವೆಂಬ ಜಗಲಿ

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು ೭೧ ಪಾಲು ಕಡಲು ಆವರಿಸಿದೆ. ಆದರೆ ದಡದಿಂದ ಇಳಿದೊಡನೆಯೇ ಆಳವಾದ ಸಾಗರ ಪ್ರಾರಂಭವಾಗುವುದಿಲ್ಲ. ಮನೆಯ ಮುಂದೆ ಜಗಲಿ ಇರುವಂತೆ ಭೂಖಂಡದ ಅಂಚು ನೀರಿನೊಳಗೆ ಮೆಲ್ಲಮೆಲ್ಲನೆ ಇಳಿಜಾರಾಗಿ ಚಾಚಿಕೊಂಡಿರುತ್ತದೆ. ಸುಮಾರು ೨೦೦ ಮೀಟರ್ ಆಳದವರೆಗಿನ ಈ ಭಾಗಕ್ಕೆ ಭೂಗೋಳಶಾಸ್ತ್ರದಲ್ಲಿ ಖಂಡಾವರಣ ಪ್ರದೇಶವೆಂದು ಹೆಸರು. ಅದನ್ನು ದಾಟಿದ ಮೇಲೆ ತಳವು ಕಡಿದಾಗಿ ಪಾತಾಳಕ್ಕೆ ಇಳಿಯುತ್ತದೆ. ಭಾರತದ ಪಶ್ಚಿಮ ತೀರದಲ್ಲಿ ಈ ಜಗಲಿ ಮುಂಬಯಿಯ ಹೊರಗೆ ಬಹು ಅಗಲವಾಗಿದ್ದು ದಕ್ಷಿಣಕ್ಕೆ ಬಂದಂತೆಲ್ಲ ಕಿರಿದಾಗುತ್ತದೆ.

ವಿಸ್ತಾರದಲ್ಲಿ ಖಂಡಾವರಣ ಪ್ರದೇಶವು ಸಮಸ್ತ ಸಾಗರದ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಆದರೂ ಮನುಷ್ಯನಿಗೆ ಕಡಲಿನಿಂದ ದೊರೆಯುವ ಆಹಾರದ ಬಹುಪಾಲು ಇಲ್ಲಿಂದಲೇ ಬರುತ್ತದೆ. ನದಿಗಳು ಹೊತ್ತು ತಂದ ಮಣ್ಣು ಇಲ್ಲಿಯೇ ತಂಗುತ್ತದೆ. ಊರುಗಳ ಕೊಳೆಯೂ ಕಾರ್ಖಾನೆಗಳ ಕಶ್ಮಲವೂ ಮೊದಲು ಸೇರುವುದು ಇಲ್ಲಿಗೆ. ಬಂದರುಗಳು ಇರುವುದೂ ಇಲ್ಲಿಯೇ. ಇಂತಹ ಕಿರಿದಾದ, ಜನಜೀವನಕ್ಕೆ ಅಂಟಿಕೊಂಡ ಜಲರಾಶಿಯನ್ನು ಅರಿಯುವುದು ಕೇವಲ ಕುತೂಹಲದ ಮಾತಲ್ಲ. ಲಕ್ಷಾಂತರ ಸಂಸಾರಗಳ ಅನ್ನದ ಮಾತು. ಇದನ್ನು ವಿಶದಪಡಿಸಲು ನಮ್ಮ ನಾಡಿನ ಪಡುಗಡಲಿನಲ್ಲಿಯೇ ನಡೆದ ಒಂದು ಶೋಧದ ಕಥೆ ಸಾಕು.

ಒಂದು ಮೀನಿನ ಒಗಟು

ದಕ್ಷಿಣ ಕನ್ನಡ ಉಡುಪಿಗಳ ಕಡೆ ಬೂತಾಯಿಯೆಂದೂ ಉತ್ತರ ಕನ್ನಡದಲ್ಲಿ ತಾರ್ಲೆಯೆಂದೂ ಕರೆಯುವ ಒಂದು ಸಣ್ಣ ಮೀನುಂಟು. ಗೇಣುದ್ದವನ್ನು ಅಪರೂಪಕ್ಕೂ ಮೀರದ ಈ ಜೀವಿಯ ಮೈಯಲ್ಲಿ ಎಣ್ಣೆಯ ಅಂಶ ಹೇರಳ. ಅದರ ಎಣ್ಣೆಯನ್ನು ತೆಗೆದು ದೋಣಿಯ ಹಲಗೆಗಳಿಗೆ ಬಳಿಯುತ್ತಿದ್ದರು. ಉಳಿದ ಹಿಂಡಿಯು ತೆಂಗಿನ ತೋಟಕ್ಕೂ ಘಟ್ಟದ ಮೇಲಣ ಕಾಫಿ ತೋಟಕ್ಕೂ ಗೊಬ್ಬರವಾಗುತ್ತಿತ್ತು. ಕರ್ನಾಟಕದ ತೀರದಲ್ಲಿ ಹಿಂದೆ ರಂಪಣಿಯೆಂಬ ಮಹಾಬಲೆಯನ್ನು ದಡದಿಂದಲೇ ಬೀಸಿ, ಊರಿಗೆ ಊರೇ ಕೂಡಿ ಎಳೆದು, ಬಂದುದನ್ನು ಪಾಲು ಹಂಚಿಕೊಳ್ಳುವ ಪದ್ಧತಿಯಿತ್ತು. ರಂಪಣಿಯ ಭಾಗ್ಯವೆಲ್ಲ ನಿಂತಿದ್ದುದು ಬೂತಾಯಿ ಮತ್ತು ಬಂಗುಡೆಗಳ ಮೇಲೆ.

ಆದರೆ ಈ ಮೀನಿನ ಬರವು ನಂಬತಕ್ಕದ್ದಲ್ಲ. ಕೆಲವು ವರ್ಷ ಕಡಲೇ ಬೆಳ್ಳಿಯಾದಂತೆ ಬಂದು ತುಂಬುತ್ತದೆ. ಮತ್ತೆ ಕೆಲವು ವರ್ಷ ಹುಡುಕಿದರೂ ಸಿಕ್ಕದು. ೧೯೪೦ರ ದಶಕದಲ್ಲಿ ಅದು ಪಶ್ಚಿಮ ತೀರದಿಂದ ಬಹುಮಟ್ಟಿಗೆ ಕಾಣೆಯಾಯಿತು. ಬಳಿಕ ಮರಳಿ ಬಂದು, ೧೯೯೪ರಲ್ಲಿ ಕೇರಳದ ತೀರದಲ್ಲಿ ಮತ್ತೆ ಕುಸಿಯಿತು. ೨೦೧೨ರಲ್ಲಿ ಕೇರಳವೊಂದರಲ್ಲಿಯೇ ಮೂರೂವರೆ ಲಕ್ಷ ಟನ್ನಿಗೂ ಮೀರಿ ದೊರೆತದ್ದು ೨೦೨೧ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಮರುವರ್ಷವೇ ಅದು ಲಕ್ಷ ಟನ್ನನ್ನು ದಾಟಿತು. ಒಬ್ಬ ಒಕ್ಕಲಿಗನ ಹೊಲದಲ್ಲಿ ಒಂದು ವರ್ಷ ನೂರು ಚೀಲ, ಇನ್ನೊಂದು ವರ್ಷ ಒಂದೇ ಚೀಲ ಬೆಳೆದರೆ ಅವನ ಪಾಡು ಏನಾದೀತೆಂಬುದನ್ನು ಊಹಿಸಿದರೆ ಕಡಲ ಮಕ್ಕಳ ಸಂಕಟ ಅರ್ಥವಾದೀತು.

ಈ ಏರಿಳಿತಕ್ಕೆ ಕಾರಣವೇನು? ಮೀನುಗಾರಿಕೆಯ ಅತಿರೇಕವೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳೊಡನೆ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೊತ್ತಿದ್ದು ನಿಜ. ಅದರಿಂದ ಹಾನಿಯಾಗಿರುವುದೂ ನಿಜ. ಆದರೆ ೧೯೪೦ರ ದಶಕದಲ್ಲಿ ಈ ತೀರದಲ್ಲಿ ಪರ್ಸೀನ್ ಬಲೆಯೇ ಇರಲಿಲ್ಲ. ಆಗ ಮೀನು ಹೋದದ್ದೆಲ್ಲಿಗೆ? ಈ ಪ್ರಶ್ನೆಯೇ ಒಂದೊಂದಾಗಿ ಎಲ್ಲ ಶಾಸ್ತ್ರಗಳ ಬಾಗಿಲನ್ನೂ ತಟ್ಟಿತು.

ಜೀವಶಾಸ್ತ್ರದ ಉತ್ತರ

ಮೊದಲು ಮುಂದೆ ಬಂದವರು ಜೀವಶಾಸ್ತ್ರಜ್ಞರು. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬಾತನು ೧೯೨೦ರ ದಶಕದಲ್ಲಿ ನಾಯುಡು ಎಂಬ ಸಹೋದ್ಯೋಗಿಯೊಡನೆ ಈ ಮೀನಿನ ಜೀವನಚರಿತ್ರೆಯನ್ನೂ ಅದರ ಆಹಾರವನ್ನೂ ಅಭ್ಯಾಸ ಮಾಡಿದನು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಗಳಿಗೆ ಸಸ್ಯಪ್ಲವಕಗಳೆಂದು ಹೆಸರು. ಅವುಗಳಲ್ಲಿ ಗಾಜಿನಂತಹ ಚಿಪ್ಪುಳ್ಳ ಡಯಾಟಮ್‌ಗಳು ಬೂತಾಯಿಗೆ ಅಚ್ಚುಮೆಚ್ಚು. ಸ್ವಾತಂತ್ರ್ಯದ ವರ್ಷವಾದ ೧೯೪೭ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಅನಂತರ ೧೯೫೫ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಜಾತಿಯ ಡಯಾಟಮ್ ಸಮೃದ್ಧವಾಗಿರುವುದು ಬೂತಾಯಿಯ ಸಮೃದ್ಧಿಗೆ ಸೂಚಕವೆಂದು ತೋರಿಸಿದರು.

ಇದು ದೊಡ್ಡ ಹೆಜ್ಜೆ. ಆದರೆ ಉತ್ತರವು ಇನ್ನೊಂದು ಪ್ರಶ್ನೆಯನ್ನು ಹಡೆಯಿತು. ಮೀನು ಡಯಾಟಮ್‌ಗಳನ್ನು ಅನುಸರಿಸುವುದಾದರೆ, ಡಯಾಟಮ್‌ಗಳು ಅನುಸರಿಸುವುದು ಏನನ್ನು? ಹೊಲದ ಪೈರಿಗೆ ಗೊಬ್ಬರ ಬೇಕಾದಂತೆ ಕಡಲ ಸಸ್ಯಗಳಿಗೂ ನೈಟ್ರೇಟ್, ಫಾಸ್ಫೇಟ್ ಮೊದಲಾದ ಪೋಷಕ ಲವಣಗಳು ಬೇಕು. ಬಿಸಿಲು ಬೀಳುವ ಮೇಲಣ ನೀರಿನಲ್ಲಿ ಅವು ಬೇಗ ವ್ಯಯವಾಗುತ್ತವೆ. ಸತ್ತ ಜೀವಿಗಳೊಡನೆ ಕೆಳಗಿಳಿದು, ಕತ್ತಲೆಯ ತಳನೀರಿನಲ್ಲಿ ಕೂಡಿಕೊಂಡಿರುತ್ತವೆ. ಗೊಬ್ಬರ ಕೆಳಗೆ, ಬೆಳಕು ಮೇಲೆ. ಎರಡನ್ನೂ ಸೇರಿಸುವವರು ಯಾರು? ಇಲ್ಲಿಗೆ ಜೀವಶಾಸ್ತ್ರದ ಎಲ್ಲೆ ಮುಗಿದು ಭೌತಶಾಸ್ತ್ರದ ಎಲ್ಲೆ ತೊಡಗುತ್ತದೆ.

ಗಾಳಿ ತೋರಿದ ಹಾದಿ

ಇದರ ಕೀಲಿಕೈ ದೊರೆತದ್ದು ಪಡುಗಡಲಿಗೆ ಬಹು ದೂರವಾದ ಉತ್ತರ ಧ್ರುವದ ಹಿಮಸಾಗರದಲ್ಲಿ. ನಾರ್ವೆ ದೇಶದ ಫ್ರಿಡ್‌ಜಾಫ್ ನಾನ್ಸೆನ್ ೧೮೯೩ರಿಂದ ೧೮೯೬ರವರೆಗೆ ಫ್ರಾಮ್ ಎಂಬ ಹಡಗಿನಲ್ಲಿ ಹಿಮದ ನಡುವೆ ಸಂಚರಿಸುವಾಗ, ತೇಲುವ ಹಿಮಗಡ್ಡೆಗಳು ಗಾಳಿ ಬೀಸಿದ ದಿಕ್ಕಿಗೆ ನೇರವಾಗಿ ಹೋಗದೆ ಅದರ ಬಲಕ್ಕೆ ವಾಲಿ ಹೋಗುವುದನ್ನು ಕಂಡನು. ಸ್ವೀಡನ್ನಿನ ವಾಗ್ನ್ ಎಕ್ಮನ್ ೧೯೦೫ರಲ್ಲಿ ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟನು. ಭೂಮಿಯು ತನ್ನ ಅಕ್ಷದ ಮೇಲೆ ಸುತ್ತುತ್ತಿರುವುದರಿಂದ, ಉತ್ತರಾರ್ಧಗೋಳದಲ್ಲಿ ಗಾಳಿಯು ತಳ್ಳಿದ ಮೇಲ್ಪದರದ ನೀರು ಒಟ್ಟಾರೆಯಾಗಿ ಗಾಳಿಯ ದಿಕ್ಕಿಗೆ ಬಲಗಡೆ ಲಂಬವಾಗಿ ಸರಿಯುತ್ತದೆ.

ಈ ಸೂತ್ರವನ್ನು ಮುಂಗಾರಿನ ಪಶ್ಚಿಮ ತೀರಕ್ಕೆ ಅನ್ವಯಿಸೋಣ. ಮಳೆಗಾಲದಲ್ಲಿ ತೀರದ ಗಾಳಿಗೆ ಕರಾವಳಿಯ ಗುಂಟ ದಕ್ಷಿಣಾಭಿಮುಖವಾಗಿ ಸಾಗುವ ಒಂದು ಅಂಶವಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತವನಿಗೆ ಬಲಗಡೆ ಪಶ್ಚಿಮ. ಅಂದರೆ ತೆರೆದ ಕಡಲು. ಆದುದರಿಂದ ಮೇಲಣ ನೀರು ದಡವನ್ನು ಬಿಟ್ಟು ಹೊರಕ್ಕೆ ಸರಿಯುತ್ತದೆ. ತೆರವಾದ ಸ್ಥಳವನ್ನು ತುಂಬಲು ತಳದ ತಣ್ಣೀರು ಮೇಲೇರುತ್ತದೆ. ಹೊಲದ ಮಣ್ಣನ್ನು ನೇಗಿಲು ಮಗುಚುವಂತೆ ಗಾಳಿಯು ಕಡಲನ್ನು ಮಗುಚುತ್ತದೆ. ತಳದಲ್ಲಿದ್ದ ಪೋಷಕ ಲವಣಗಳು ಬೆಳಕಿಗೆ ಬಂದು ಡಯಾಟಮ್‌ಗಳು ಕೊಬ್ಬುತ್ತವೆ; ಅವನ್ನು ಅರಸಿ ಬೂತಾಯಿ ಬರುತ್ತದೆ. ಈ ಮೇಲೇರಿಕೆ ಬೇಸಗೆಯ ಕೊನೆಗೆ ಕೇರಳದ ದಕ್ಷಿಣ ತುದಿಯಲ್ಲಿ ಮೊದಲಾಗಿ ಕ್ರಮೇಣ ಉತ್ತರಕ್ಕೆ ಹಬ್ಬಿ, ಕರ್ನಾಟಕ ಗೋವೆಗಳ ತೀರವನ್ನೂ ಮುಟ್ಟುತ್ತದೆ.

ಇನ್ನೂ ಆಶ್ಚರ್ಯಕರವಾದ ಸಂಗತಿಯೊಂದುಂಟು. ಈ ಕಾರ್ಯವನ್ನು ಸ್ಥಳೀಯ ಗಾಳಿಯೊಂದೇ ಮಾಡುವುದಿಲ್ಲ. ದೂರದ ಬಂಗಾಳ ಕೊಲ್ಲಿಯಲ್ಲಿ ಗಾಳಿ ಎಬ್ಬಿಸಿದ ದೀರ್ಘ ತರಂಗಗಳು ಕರಾವಳಿಯನ್ನು ಹಿಡಿದು, ಸಿಂಹಳವನ್ನು ಬಳಸಿ, ಪಶ್ಚಿಮ ತೀರಕ್ಕೆ ಬಂದು ಇಲ್ಲಿನ ತಳನೀರನ್ನು ಏರಿಳಿಸುತ್ತವೆ. ಮಂಗಳೂರಿನ ಮುಂದಣ ನೀರನ್ನು ಅರಿಯಲು ಮಂಗಳೂರಿನಲ್ಲಿಯೇ ಅಳೆದರೆ ಸಾಲದೆಂಬುದು ಹೀಗೆ ಸಿದ್ಧವಾಯಿತು.

ಅಮೃತವೂ ಹಾಲಾಹಲವೂ

ಕ್ಷೀರಸಾಗರವನ್ನು ಕಡೆದಾಗ ಅಮೃತದೊಡನೆ ಹಾಲಾಹಲವೂ ಹುಟ್ಟಿತೆಂದು ಪುರಾಣಗಳು ಹೇಳುತ್ತವೆ. ಪಡುಗಡಲನ್ನು ಮುಂಗಾರು ಕಡೆದಾಗಲೂ ಅಂಥದೇ ಒಂದು ದ್ವಂದ್ವ ಮೇಲೆ ಬರುತ್ತದೆ. ಇದನ್ನು ಬೆಳಕಿಗೆ ತಂದವರು ರಸಾಯನಶಾಸ್ತ್ರಜ್ಞರು.

ತಳನೀರಿನಲ್ಲಿ ಪೋಷಕ ಲವಣ ಹೆಚ್ಚು. ಆದರೆ ಆಮ್ಲಜನಕ ಕಡಿಮೆ. ಏಕೆಂದರೆ ಮೇಲಿನಿಂದ ಇಳಿದ ಸತ್ತ ಜೀವಿಗಳನ್ನು ಸೂಕ್ಷ್ಮಾಣುಗಳು ಕೊಳೆಯಿಸುವಾಗ ಅಲ್ಲಿನ ಆಮ್ಲಜನಕವನ್ನು ಬಳಸಿಬಿಟ್ಟಿರುತ್ತವೆ. ಇಂತಹ ನೀರು ಮೇಲೇರಿ ಖಂಡಾವರಣದ ಜಗಲಿಯನ್ನು ಆವರಿಸುತ್ತದೆ. ಅದೇ ಸಮಯಕ್ಕೆ ಘಟ್ಟದ ಮಳೆಯು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮುಂತಾದ ನದಿಗಳ ಮೂಲಕ ಕಡಲಿಗೆ ಬರುತ್ತದೆ. ಸಿಹಿನೀರು ಹಗುರವಾದುದರಿಂದ ಎಣ್ಣೆಯಂತೆ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತಾಗಿ, ಗಾಳಿಯಲ್ಲಿರುವ ಆಮ್ಲಜನಕ ಕೆಳಗಣ ನೀರಿಗೆ ಸುಲಭವಾಗಿ ಸೇರದು. ಮೇಲೆ ಬೆಳೆದ ಡಯಾಟಮ್‌ಗಳು ಸತ್ತು ಕೆಳಗೆ ಬಿದ್ದು ಕೊಳೆಯುತ್ತ ಉಳಿದ ಅಲ್ಪಸ್ವಲ್ಪವನ್ನೂ ಹೀರುತ್ತವೆ.

ಆಮ್ಲಜನಕ ತೀರಿದ ಮೇಲೆ ಸೂಕ್ಷ್ಮಾಣುಗಳು ನೈಟ್ರೇಟಿನಲ್ಲಿರುವ ಆಮ್ಲಜನಕಕ್ಕೆ ಕೈಹಾಕುತ್ತವೆ. ಆಗ ಸಾರಜನಕವೂ ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ ಹೊರಬೀಳುತ್ತವೆ. ಅದೂ ತೀರಿದರೆ ಸಲ್ಫೇಟಿಗೆ ಕೈಹಾಕುತ್ತವೆ. ಆಗ ಹುಟ್ಟುವುದು ಕೊಳೆತ ಮೊಟ್ಟೆಯ ನಾತವುಳ್ಳ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಕ್ವಿ ಮತ್ತು ಸಂಗಡಿಗರು ೧೯೯೯ರ ಮಳೆಗಾಲದ ಕೊನೆಯಲ್ಲಿ ಪಶ್ಚಿಮ ತೀರದ ಖಂಡಾವರಣದ ಮೇಲೆ ಇದೆಲ್ಲವನ್ನೂ ಅಳೆದು, ೨೦೦೦ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಕರಾವಳಿಗಳಲ್ಲಿರುವ ಇಂತಹ ನಿರಾಮ್ಲಜನಕ ಪ್ರದೇಶಗಳಲ್ಲಿ ಇದು ಅತಿ ವಿಸ್ತಾರವಾದವುಗಳಲ್ಲಿ ಒಂದೆಂಬುದು ಆಗ ತಿಳಿಯಿತು. ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿಮಾಡುವ ಅನಿಲವಾದುದರಿಂದ ಈ ಶೋಧ ಮೀನಿಗಷ್ಟೇ ಅಲ್ಲ, ವಾಯುಗುಣಕ್ಕೂ ಸಂಬಂಧಪಟ್ಟಿತು.

ಅಮೆರಿಕದ ಮಿಸಿಸಿಪ್ಪಿ ನದಿಯು ಸೇರುವ ಮೆಕ್ಸಿಕೋ ಕೊಲ್ಲಿಯಲ್ಲಿಯೂ ಬೇಸಗೆಯಲ್ಲಿ ಆಮ್ಲಜನಕ ಕುಂದುತ್ತದೆ. ಅಲ್ಲಿ ಮುಖ್ಯ ಕಾರಣ ಹೊಲಗಳಿಂದ ಕೊಚ್ಚಿ ಬರುವ ರಾಸಾಯನಿಕ ಗೊಬ್ಬರ. ಪಡುಗಡಲಿನಲ್ಲಿ ಮೂಲಕಾರಣ ನಿಸರ್ಗವೇ. ಲಕ್ಷಣ ಒಂದೇ, ನಿದಾನ ಬೇರೆ. ಆದರೆ ನಿಸರ್ಗವೇ ಅಂಚಿಗೆ ತಂದು ನಿಲ್ಲಿಸಿರುವ ಕಡಲಿಗೆ ಮನುಷ್ಯನ ಗೊಬ್ಬರ, ಕೊಳೆ, ತಾಪಗಳು ಇನ್ನಷ್ಟು ಸೇರಿದರೆ ಅದು ಅಂಚನ್ನು ದಾಟುವುದು ಸುಲಭ. ಈ ಭಯದಿಂದಲೇ ಗೋವೆಯ ವಿಜ್ಞಾನಿಗಳು ೧೯೯೭ರಿಂದ ಕಾಂದೋಳಿಯ ಹೊರಗೆ ಒಂದು ಸ್ಥಳವನ್ನು ಗೊತ್ತುಮಾಡಿ, ವರ್ಷ ವರ್ಷವೂ ಅದೇ ನೀರನ್ನು ಪರೀಕ್ಷಿಸುವ ವ್ರತವನ್ನು ಕೈಕೊಂಡರು.

ಕೆಸರೂ ಒಂದು ಶಾಸ್ತ್ರ

ಭೂವಿಜ್ಞಾನದ ಪಾಲೂ ಸಣ್ಣದಲ್ಲ. ಕೇರಳದ ಆಲಪ್ಪುಳದ ಆಸುಪಾಸಿನಲ್ಲಿ ಮಳೆಗಾಲದ ರುದ್ರ ಸಮುದ್ರದ ನಡುವೆಯೂ ಕೆಲವೆಡೆ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಅಲ್ಲಿಯವರು ಇದನ್ನು ಚಾಕರವೆನ್ನುತ್ತಾರೆ. ತಳದ ನಯವಾದ ಕೆಸರು ನೀರಿನಲ್ಲಿ ಕದಡಿ ದ್ರವದಂತಾಗಿ, ಬರುವ ಅಲೆಗಳ ಶಕ್ತಿಯನ್ನು ಹೀರಿಬಿಡುವುದೇ ಇದಕ್ಕೆ ಕಾರಣ. ಬೇರೆಡೆ ದೋಣಿ ಇಳಿಸಲಾಗದ ಕಾಲದಲ್ಲಿ ಚಾಕರದೊಳಗೆ ಬಲೆ ಬೀಸಬಹುದು. ಕೆಸರಿನ ಕಣದ ಗಾತ್ರ ಭೂವಿಜ್ಞಾನಕ್ಕೆ ಸೇರಿದ್ದು, ಅಲೆಯ ಬಲ ಭೌತಶಾಸ್ತ್ರಕ್ಕೆ ಸೇರಿದ್ದು, ಒಳಗಣ ಮೀನು ಜೀವಶಾಸ್ತ್ರಕ್ಕೆ ಸೇರಿದ್ದು. ಮೂರನ್ನೂ ಬೇರ್ಪಡಿಸಿದರೆ ಚಾಕರವೇ ಇಲ್ಲ.

ಶಾಸ್ತ್ರಗಳು ಒಂದೆಡೆ ಕೂಡಿದ ಬಗೆ

ಇಂತಹ ಅರಿವು ಒಬ್ಬಿಬ್ಬರ ಸಾಹಸದಿಂದ ಬರುವುದಲ್ಲ. ೧೯೬೦ರಿಂದ ೧೯೬೫ರ ನಡುವೆ ಹಲವು ರಾಷ್ಟ್ರಗಳು ಕೂಡಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯನ್ನು ನಡೆಸಿದವು. ಭಾರತದ ನೌಕಾದಳದ ಕಿಸ್ತ್ನಾ ಎಂಬ ಹಡಗೂ ಅದರಲ್ಲಿ ಪಾಲ್ಗೊಂಡಿತು. ಆ ಯಾತ್ರೆಯ ಫಲವಾಗಿಯೇ ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಜನ್ಮತಾಳಿತು. ಎನ್. ಕೆ. ಪಣಿಕ್ಕರ್ ಅದರ ಮೊದಲ ನಿರ್ದೇಶಕರು. ೧೯೯೯ರಲ್ಲಿ ಭಾರತವು ಕಡಲಿನ ಬಣ್ಣವನ್ನು ಅಳೆಯುವ ಓಷನ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಸಸ್ಯಪ್ಲವಕ ಹೆಚ್ಚಿರುವಲ್ಲಿ ನೀರಿನ ಬಣ್ಣ ಬೇರೆಯಾಗುವುದರಿಂದ, ಹಡಗು ಹೋಗದೆಯೇ ಕಡಲ ಹುಲುಸನ್ನು ಆಕಾಶದಿಂದ ಗುರುತಿಸುವುದು ಸಾಧ್ಯವಾಯಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ನೀರಿನ ಬಣ್ಣವನ್ನೂ ಉಷ್ಣತೆಯನ್ನೂ ಕೂಡಿಸಿ ನೋಡಿ, ಮೀನು ದೊರೆಯಬಹುದಾದ ಎಡೆಗಳನ್ನು ಮೀನುಗಾರರಿಗೆ ತಿಳಿಸುತ್ತದೆ.

ಜಗತ್ತಿನಲ್ಲಿಯೂ ಇದೇ ಪ್ರವೃತ್ತಿ. ೧೯೬೨ರಲ್ಲಿ ಎಂ. ಎನ್. ಹಿಲ್ ಅವರ ಸಂಪಾದಕತ್ವದಲ್ಲಿ 'ದಿ ಸೀ' ಎಂಬ ಮಹಾಗ್ರಂಥಮಾಲೆ ಮೊದಲಾಯಿತು. ಅದರಲ್ಲಿ ೧೯೯೮ರಿಂದ ಮುಂದೆ ಅಲನ್ ರಾಬಿನ್ಸನ್ ಮತ್ತು ಕೆನೆತ್ ಬ್ರಿಂಕ್ ಸಂಪಾದಿಸಿದ ಹಲವು ಸಂಪುಟಗಳು ಜಗತ್ತಿನ ಕರಾವಳಿ ಕಡಲುಗಳಿಗೇ ಮೀಸಲಾದವು. ಪೆರು ದೇಶದ ಉದಾಹರಣೆ ಈ ಪ್ರಯತ್ನದ ಅಗತ್ಯವನ್ನು ಸಾರುತ್ತದೆ. ಅಲ್ಲಿಯೂ ತಳನೀರು ಮೇಲೇರುವ ತೀರ. ಅಲ್ಲಿಯೂ ಆಂಚೊವೆಟ ಎಂಬ ಸಣ್ಣ ಮೀನು. ೧೯೭೦ರಲ್ಲಿ ಒಂದು ಕೋಟಿ ಟನ್ನಿಗೂ ಮೀರಿ ಹಿಡಿದ ಆ ಮೀನು, ಅತಿಯಾದ ಬೇಟೆಯೂ ೧೯೭೨ರ ಎಲ್ ನಿನೋ ಎಂಬ ಕಡಲ ಬಿಸುಪೂ ಕೂಡಿಬಂದಾಗ ನೆಲಕಚ್ಚಿತು. ಒಂದೇ ಕಾರಣವನ್ನು ನೋಡಿದವರು ಇನ್ನೊಂದರಿಂದ ಮೋಸಹೋದರು.

ಬೂತಾಯಿಯ ಒಗಟಿಗೂ ಇದೇ ಉತ್ತರ. ಗಾಳಿ ಸಕಾಲಕ್ಕೆ ಬೀಸಬೇಕು. ತಳನೀರು ಮೇಲೇರಬೇಕು, ಆದರೆ ಉಸಿರುಗಟ್ಟಿಸುವಷ್ಟು ಏರಬಾರದು. ಮಳೆ ಹದವಾಗಿ ಸುರಿಯಬೇಕು. ಮರಿಗಳು ಹುಟ್ಟಿದ ವೇಳೆಗೆ ಅವಕ್ಕೆ ತಕ್ಕ ಪ್ಲವಕ ಸಿದ್ಧವಿರಬೇಕು. ಬೆಳೆಯುವ ಮುನ್ನವೇ ಅವನ್ನು ಬಾಚಿಬಿಡದ ಸಂಯಮ ಮನುಷ್ಯನಿಗಿರಬೇಕು. ಇವುಗಳಲ್ಲಿ ಮೊದಲಿನವು ಮನುಷ್ಯನ ಕೈಯಲ್ಲಿಲ್ಲ. ಕೊನೆಯದೊಂದು ಮಾತ್ರ ಅವನ ಕೈಯಲ್ಲಿದೆ. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಿರುವುದರ ತಾತ್ಪರ್ಯ ಇದೇ ಆಗಿದೆ. ಗಾಳಿ ಕೈಕೊಟ್ಟ ವರ್ಷದಲ್ಲಿ ಬಲೆಯೂ ಕರುಣೆಯಿಲ್ಲದೆ ನಡೆದರೆ ಹೋದ ಮೀನು ಮರಳಿ ಬರಲು ತಾಯಿಮೀನೇ ಉಳಿಯದು. ಶಾಸ್ತ್ರಗಳೆಲ್ಲ ಕೂಡಿ ಕಲಿಸಿದ ಪಾಠ ಕೊನೆಗೆ ಒಂದು ನೀತಿಯಾಗಿ ನಿಲ್ಲುತ್ತದೆ.

ಬಯಲುನಾಡಿಗೂ ಕಡಲಿಗೂ ನಂಟು

ಘಟ್ಟದ ಮೇಲಣ ಬಯಲುನಾಡಿನ ಶಾಲೆಗೆ ಕಡಲ ಮಾತು ಏತಕ್ಕೆಂದು ಕೇಳುವವರುಂಟು. ಮುಂಗಾರಿನಲ್ಲಿ ಹೊಲಕ್ಕೆ ಬೀಳುವ ಹನಿಯನ್ನು ಹೊತ್ತು ತರುವುದು ಅರಬ್ಬೀ ಸಮುದ್ರದ ಗಾಳಿ. ಆ ನೀರು ಕೃಷ್ಣೆಯನ್ನೋ ತುಂಗಭದ್ರೆಯನ್ನೋ ಕಾವೇರಿಯನ್ನೋ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಚಳಿಗಾಲದಲ್ಲಿ ದಿಕ್ಕು ಬದಲಿಸುವ ಕಡಲ ಪ್ರವಾಹವು, ಅನೇಕ ನದಿಗಳು ಕೂಡಿ ಲವಣಾಂಶ ಕಡಿಮೆಯಾದ ಬಂಗಾಳ ಕೊಲ್ಲಿಯ ನೀರಿನ ಒಂದು ಪಾಲನ್ನು ಸಿಂಹಳದ ದಕ್ಷಿಣದಿಂದ ಬಳಸಿ ತಂದು ಮತ್ತೆ ಪಶ್ಚಿಮ ತೀರದಲ್ಲಿ ಹರಿಸುತ್ತದೆ. ಹೊಲದಲ್ಲಿ ಬಿದ್ದ ಮಳೆ, ಮಣ್ಣಿನೊಡನೆ ಕರಗಿಸಿಕೊಂಡ ಗೊಬ್ಬರ, ಊರ ಹಳ್ಳಕ್ಕೆ ಬಿಟ್ಟ ಕೊಳೆ ಯಾವುದೂ ಎಲ್ಲಿಯೋ ಮಾಯವಾಗುವುದಿಲ್ಲ. ಬಯಲುನಾಡು ಕಡಲಿಗೆ ಹೊರಗಿನದಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯನು ದೋಣಿಯ ಹುಟ್ಟಿನಿಂದ, ಒಕ್ಕಲಿಗ ಮುದ್ದಣ್ಣನು ನೇಗಿಲಿನಿಂದ, ಮಡಿವಾಳ ಮಾಚಯ್ಯನು ಬಟ್ಟೆಯ ಮಡಿಯಿಂದ, ಮೇದರ ಕೇತಯ್ಯನು ಬಿದಿರಿನಿಂದ ತಂತಮ್ಮ ಕಾಯಕದ ಅನುಭವವನ್ನು ಅನುಭವ ಮಂಟಪಕ್ಕೆ ತಂದರು. ಯಾರ ಅರಿವೂ ಇನ್ನೊಬ್ಬರ ಅರಿವಿಗೆ ಮೇಲೂ ಅಲ್ಲ, ಕೀಳೂ ಅಲ್ಲ, ಕೂಡಿದಾಗ ಪೂರ್ಣ. ಕರಾವಳಿಯ ಕಡಲನ್ನು ಅರಿಯುವ ಕಾರ್ಯವೂ ಇಂತಹ ಒಂದು ಮಂಟಪವನ್ನು ಬೇಡುತ್ತದೆ. ಅಲ್ಲಿ ಗಣಿತಜ್ಞನಿಗೂ ರಸಾಯನಜ್ಞನಿಗೂ ಪೀಠವಿರಬೇಕು. ಗಾಳಿಯ ವಾಸನೆಯಿಂದಲೇ ನೀರಿನ ಮನಸ್ಸನ್ನು ತಿಳಿಯುವ ಮೊಗವೀರ, ಖಾರ್ವಿ, ಅಂಬಿಗ ಹಿರಿಯರಿಗೂ ಪೀಠವಿರಬೇಕು.

ಶಾಲೆಗಳಲ್ಲಿ ಭೂಗೋಳಕ್ಕೊಂದು ಗಂಟೆ, ವಿಜ್ಞಾನಕ್ಕೊಂದು ಗಂಟೆ, ಗಣಿತಕ್ಕೊಂದು ಗಂಟೆ ಎಂದು ಹಂಚಿರುವುದು ಪಾಠದ ಅನುಕೂಲಕ್ಕಾಗಿಯೇ ಹೊರತು ನಿಸರ್ಗ ಹಾಗೆ ಹಂಚಿಹೋಗಿದೆಯೆಂದಲ್ಲ. ಒಂದು ಶಾಸ್ತ್ರದ ಕೊನೆಯ ಪ್ರಶ್ನೆಯೇ ಇನ್ನೊಂದು ಶಾಸ್ತ್ರದ ಮೊದಲ ಪಾಠವೆಂಬುದನ್ನು ಅಧ್ಯಾಪಕರು ಮಕ್ಕಳಿಗೆ ತೋರಿಸಿಕೊಡಲಿ. ಜ್ಞಾನದಾಸೋಹದ ಈ ಮನೆಯಿಂದ ಹೊರಟ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಮುಂದೆ ಕಡಲ ದಡದಲ್ಲಿ ನಿಂತು, ಆ ಅಪಾರ ಜಲರಾಶಿಯನ್ನು ಇಡಿಯಾಗಿ ಕಾಣುವ ಕಣ್ಣನ್ನು ಪಡೆಯಲಿ.